ಅತ್ತೆಯ ಆಂಪ್ಲಿಫೈಯರಿಗೆ ಅಳಿಯನ ಚಿಕಿತ್ಸೆ

"ಇವತ್ತು ಅತ್ತೆ ನನ್ನ ಬೆನ್ನು ತಟ್ಟದಿದ್ರೆ ಕೇಳು!" ಎಂದು ಘೋಷಿಸಿದ ಅಳಿಯ ಮಹಾಶಯರು ತಮ್ಮ ಕನ್ನಡಕದಂಗಡಿಯ ಪುಟ್ಟ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದರು.

"ತಟ್ತಾರೋ ಮುರೀತಾರೋ, ನೋಡೋಣ," ಎಂದಳು ಹೆಂಡತಿ, ಪೇಪರಿನಿಂದ ತಲೆಯೆತ್ತದೆ.

ಅತ್ತೆಯೆಂದರೆ ಸಾಮಾನ್ಯ ಅತ್ತೆಯಲ್ಲ. ಎಪ್ಪತ್ತರ ಹೊಸ್ತಿಲಲ್ಲೂ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ ನಿಂತರೆ ಕಿಟಕಿಯ ಗಾಜುಗಳೇ ಗಡಗಡ ನಡುಗುತ್ತಿದ್ದವು! ಅವರ ಕಾಲೇಜು ಗೆಳತಿಯರ ಬ್ಯಾಂಡು ದಶಕಗಳ ನಂತರ ಆ ಸಂಜೆ ಮತ್ತೆ ವೇದಿಕೆ ಏರುವುದಿತ್ತು. ಆದರೆ ಅವರ ಯೌವನದ ಒಡನಾಡಿ, ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳು ಕೆಂಡದಂತೆ ಹೊಳೆಯುವ ಆ ಹಳೇ ಆಂಪ್ಲಿಫೈಯರು, ಬೆಳಗ್ಗೆಯಿಂದ ಗಂಟಲು ಕೆಡಿಸಿಕೊಂಡು ಕೂತಿತ್ತು. ತಂತಿಯನ್ನು ಮೆಲ್ಲಗೆ ಸವರಿದರೂ ಗರಗರ!

"ಬೇರೆ ಪೆಟ್ಟಿಗೇಲಿ ನಾನು ನುಡಿಸೋಳಲ್ಲ. ತಲೆಕೂದಲು ಕತ್ತರಿಸ್ಕೊಂಡು ಬಂದು ನೋಡ್ತೀನಿ. ಯಾರೂ ಮುಟ್ಟಬೇಡಿ," ಎಂದು ಹೇಳಿ ಅತ್ತೆ ಹೊರಟಿದ್ದರು. ಕೊನೆಯ ಮಾತು ಅಳಿಯನ ಕಿವಿಗೆ ಬಿದ್ದಿತ್ತು. ತಲೆಗೆ ಇಳಿದಿರಲಿಲ್ಲ.

ಪ್ಲಗ್ ಕಿತ್ತು, ಹಿಂಬದಿಯ ಹಲಗೆ ಬಿಚ್ಚಿ ನೋಡಿದರೆ ವಾಲ್ವುಗಳ ಮೇಲೆ ಧೂಳೋ ಧೂಳು.

"ಸಿಕ್ಕಿಬಿದ್ದ ಕಳ್ಳ! ಗಾಜು ಒರೆಸೋದ್ರಲ್ಲಿ ನನ್ನ ಮೀರಿಸೋರು ಯಾರಿದಾರೆ?"

"ರೀ, ಒಂದೊಂದಾಗಿ ತೆಗೀರಿ."

"ನೀನು ಸುಮ್ನಿರೇ!"

ಎಲ್ಲವನ್ನೂ ಒಟ್ಟಿಗೆ ಕಿತ್ತರು. ಕನ್ನಡಕಕ್ಕೆ ಹೊಡೆಯುವ ದ್ರಾವಣ ಸಿಂಪಡಿಸಿ, ಮೆತ್ತನೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳಪು ತಂದರು. ಧೂಳಿನ ಜೊತೆಗೆ ಗಾಜಿನ ಮೇಲೆ ಅಚ್ಚಾಗಿದ್ದ ನಂಬರುಗಳೂ ಹೋದವು! ದಪ್ಪನೆಯವು ಎಲ್ಲಿಗೆ ಸೇರಬೇಕೆಂಬುದು ನೋಡಿದರೇ ತಿಳಿಯುತ್ತಿತ್ತು. ಸಣ್ಣವು ಮಾತ್ರ ಅವಳಿ ಜವಳಿಗಳಂತೆ ಮಿಕಿಮಿಕಿ ನೋಡುತ್ತಿದ್ದವು. ಕಂಡಕಂಡ ತೂತಿಗೆ ಸಿಕ್ಕಿಸಿ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದರು. ಮೊದಲು ಗರಗರ ಮಾತ್ರ ಇತ್ತು, ಈಗ ಅದರ ಜೊತೆಗೆ ಕುಯ್ಯೋ ಮರ್ರೋ ಎಂಬ ಆರ್ತನಾದವೂ ಸೇರಿತು!

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ, ಹೊಸ ಬಾಬ್ ಕಟ್ ಸಮೇತ. ನೇರವಾಗಿ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಅಳಿಯಂದ್ರೇ, ನಂಬರುಗಳು ಎಲ್ಲಿ?"

"ಅದೂ... ಒರೆಸುವಾಗ..."

"ಅಳಿಯ ಅನ್ನೋ ಹೆಸರಿಗೆ ತಕ್ಕ ಹಾಗೆ ಎಲ್ಲಾ ಅಳಿಸಿಬಿಟ್ರಾ!"

ಅಳಿಯ ಸ್ಕ್ರೂಡ್ರೈವರನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದರು. ಸಂಜೆಯ ಕಾರ್ಯಕ್ರಮ ತನ್ನಿಂದಲೇ ಮಣ್ಣುಪಾಲಾಯಿತಲ್ಲ! ಆದರೆ ಅತ್ತೆ ಕೂಗಾಡಲಿಲ್ಲ. ಸ್ವಿಚ್ ಆರಿಸಿ, ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು. ಗಾಜಿನ ಒಳಗಿನ ತಗಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಯಾವುದು ಯಾವುದೆಂದು ಗುರುತಿಸಿ ಅದರದರ ಜಾಗಕ್ಕೆ ಕೂರಿಸಿದರು. ಮತ್ತೆ ಸ್ವಿಚ್ ಹಾಕಿದರೆ ಆರ್ತನಾದ ನಿಂತಿತ್ತು, ಗರಗರ ಉಳಿದಿತ್ತು. ಆಮೇಲೆ ಪೆನ್ಸಿಲಿನ ತುದಿಯಿಂದ ಒಂದೊಂದೇ ವಾಲ್ವನ್ನು ಟಕ್ಕೆಂದು ತಟ್ಟುತ್ತಾ, ಕಣ್ಣು ಮುಚ್ಚಿ ಆಲಿಸಿದರು. ಮಗುವಿನ ಎದೆಬಡಿತ ಕೇಳುವ ವೈದ್ಯರೂ ಅಷ್ಟು ತನ್ಮಯರಾಗಿರಲಾರರು! ಒಂದನ್ನು ತಟ್ಟಿದ್ದೇ ತಡ, ಅದು ಠಣಠಣ ಎಂದು ಕಿರುಚಿಕೊಂಡಿತು.

"ಇವನೇ. ವಯಸ್ಸಾಯ್ತು ಪಾಪ."

ಹೊಲಿಗೆ ಡಬ್ಬಿಯಿಂದ ಹೊಸ ವಾಲ್ವು ಹೊರಬಂತು. ಅದನ್ನು ಹಾಕಿ ತಂತಿ ಮೀಟಿದರೆ ಜೇನಿನಂಥ ನಾದ! ಅಳಿಯ ಬಾಯಿ ತೆರೆದವರು ಮುಚ್ಚಲೇ ಇಲ್ಲ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅತ್ತೆ ನಿಧಾನದ ರಾಗವೊಂದನ್ನು ಎತ್ತಿಕೊಂಡಾಗ ಮುಂದಿನ ಸಾಲಿನಲ್ಲಿದ್ದ ಅಳಿಯನಿಗೆ ಅಭಿಮಾನ ಉಕ್ಕಿ ಬಂದು ಕಣ್ಣು ತುಂಬಿತು, ಕಣ್ಣಿನ ಹಿಂದೆಯೇ ಮೂಗೂ ತುಂಬಿತು. ತಡೆದರು, ತಡೆದರು, ಕೊನೆಗೆ ಕರ್ಚೀಫು ಹಿಡಿದು ಗೊರ್ರ್ ಎಂದು ಮೂಗು ಸೀಟಿಯೇಬಿಟ್ಟರು!

ಸಭೆಯೆಲ್ಲ ಗಾಬರಿಯಿಂದ ಆಂಪ್ಲಿಫೈಯರಿನತ್ತ ತಿರುಗಿತು. ಅತ್ತೆ ನುಡಿಸುವುದನ್ನು ನಿಲ್ಲಿಸಲಿಲ್ಲ, ಮೈಕಿನತ್ತ ಸ್ವಲ್ಪ ಬಾಗಿದರು:

"ಹೆದರಬೇಡಿ, ಪೆಟ್ಟಿಗೆ ಚೆನ್ನಾಗೇ ಇದೆ. ಅದು ನಮ್ಮ ಅಳಿಯಂದಿರ ಮೂಗು. ಅದಕ್ಕೆ ಮಾತ್ರ ನನ್ನ ಹತ್ರ ಸ್ಪೇರ್ ಇಲ್ಲ!"