ನೀಲಿಗೂ ಕಪ್ಪಿಗೂ ನಡುವೆ ನಮ್ಮ ಕಾಕಾ

ನಮ್ಮ ಕಾಕಾನಿಗೆ ಎರಡು ಸಂಸಾರ ಅಂತ ನೆಂಟರಲ್ಲಿ ಗುಸುಗುಸು. ಅಪ್ಪನ ತಮ್ಮನ ಮೇಲೆ ಇಂಥ ಮಾತು ಬಂದರೆ ನನಗೆ ಸಿಟ್ಟು ಬರಬೇಕು ತಾನೇ? ಬರೋದಿಲ್ಲ. ಮಾತು ನಿಜ. ಮದುವೆಯೇ ಆಗದ ಕಾಕಾ ಬೆಂಗಳೂರಿನ ಸಿಂಗಾಪುರ ಬಡಾವಣೆಯ ಮನೆಯಲ್ಲಿ ಎರಡನ್ನು ಸಾಕಿದ್ದಾರೆ. ಒಂದು ನೀಲಿ, ಇನ್ನೊಂದು ಕಪ್ಪು. ಎರಡೂ ಜರ್ಮನಿಯವು!

ಹಳೇ ಕಾರುಗಳು ಕಣ್ರೀ. ನಿಂತಿದ್ದರೆ ಸಂಸಾರಸ್ಥರ ಗಾಡಿ, ಹೊರಟರೆ ರೇಸಿನ ಗಾಡಿ. ಅಂಥವು ಈಗ ತಯಾರಾಗೋದಿಲ್ಲ, ಹಾಗಾಗಿ ಕೊಳ್ಳಲು ಹುಡುಕಿಕೊಂಡು ಬರುವವರು ಬಹಳ. ಕಾಕಾ ಗೇಟಿನಿಂದಲೇ ಕಳಿಸಿಬಿಡ್ತಾರೆ. ಮಳೆ ಬಂದರೆ ಮನೆಯ ಹಾಲ್ ಸೋರುತ್ತೆ, ಕಾರಿನ ಶೆಡ್ ಸೋರೋದಿಲ್ಲ. ತರಕಾರಿಗೆ ಯಶವಂತಪುರಕ್ಕೆ ಹೋಗೋದು ಮಾತ್ರ ಬಸ್ಸಿನಲ್ಲಿ.

ಇನ್ನು ಅವರ ಭಾನುವಾರ. ಬೆಳಿಗ್ಗೆ ನೀಲಿ ಕಾರನ್ನು ಜಕ್ಕೂರು ಕೆರೆ ಹತ್ತಿರ ನಿಲ್ಲಿಸಿ, ಆಟೋದಲ್ಲಿ ಮನೆಗೆ ಬಂದು, ಕಪ್ಪು ಕಾರನ್ನು ಓಡಿಸಿಕೊಂಡು ಹೋಗಿ ಅದರ ಪಕ್ಕ ನಿಲ್ಲಿಸ್ತಾರೆ. ಮಧ್ಯೆ ಮಡಚೋ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿದು, ಮತ್ತೆ ಅದೇ ಸರ್ಕಸ್ಸು ಉಲ್ಟಾ! ಖಾಯಂ ಆಟೋದವನು ಮೊದಮೊದಲು ಕಾರು ಕೆಟ್ಟಿತೇನೋ ಅಂತ ಮರುಗುತ್ತಿದ್ದನಂತೆ. ಈಗ ಏನೂ ಕೇಳೋದಿಲ್ಲ, ಮೀಟರ್ ಹಾಕಿ ಸುಮ್ಮನೆ ಹೊರಡ್ತಾನೆ.

ಒಂದನ್ನೇ ತಗೊಂಡು ಹೋದ್ರೆ ಆಗಲ್ವಾ, ನಿಮಗೆ ನೀಲಿನೇ ಇಷ್ಟ ಅಂತ ಎಲ್ಲರಿಗೂ ಗೊತ್ತಲ್ಲ ಅಂತ ಒಮ್ಮೆ ಕೇಳಿದೆ.

"ಕಪ್ಪು ನಂದಲ್ಲಪಾ," ಅಂದರು ಕಾಕಾ.

ಅದು ಅವರ ಗೆಳೆಯನದು. ಇಬ್ಬರೂ ಧಾರವಾಡದಿಂದ ಬಂದು ಒಂದೇ ಕಾರ್ಖಾನೆಯಲ್ಲಿ ದುಡಿದವರು, ತುಕ್ಕು ಹಿಡಿದು ಬಿದ್ದಿದ್ದ ಈ ಗಾಡಿಗಳನ್ನು ತಂದು ತಾವೇ ಬಿಚ್ಚಿ ಜೋಡಿಸಿದವರು. ಭಾನುವಾರ ಒಬ್ಬೊಬ್ಬರು ಒಂದೊಂದರಲ್ಲಿ ಜಕ್ಕೂರಿಗೆ ಬಂದು ಜಗಳ ಶುರು. ನೀಲಿ ಹಗುರ, ತಿರುವಿನಲ್ಲಿ ಮೇಕೆ ಥರ ಜಿಗಿಯುತ್ತೆ ಅಂತ ಇವರು. ಕಪ್ಪು ರಸ್ತೆಗೆ ಅಂಟಿಕೊಂಡು ಹೋಗುತ್ತೆ, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು ಅಂತ ಅವರು. ಹೋದ ವರ್ಷ ಗೆಳೆಯ ತೀರಿಕೊಂಡರು. ಮನೆಯವರು ಗಾಡಿ ಮಾರಲು ಹೊರಟಾಗ ಕಾಕಾನೇ ಕೊಂಡು ತಂದರು.

"ಅಂವನ ಮಾತೂ ನಾನ ಆಡಿ ನೋಡ್ದೆ. ಸರಿ ಬರಂಗಿಲ್ಲ."

ಮುಂದಿನ ಭಾನುವಾರ ಕಪ್ಪು ಕಾರು ನಾನು ಓಡಿಸ್ತೀನಿ ಅಂದೆ. ಈ ಗಾಡಿಯಲ್ಲಿ ಮೊದಲ ಗೇರ್ ಇರಬೇಕಾದ ಜಾಗದಲ್ಲಿ ರಿವರ್ಸ್ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು? ಹಿಂದಿದ್ದ ತುಳಸಿಕಟ್ಟೆ ಕೂದಲೆಳೆಯಲ್ಲಿ ಉಳಿಯಿತು. ಹೇಗೋ ಜಕ್ಕೂರು ತಲುಪಿ ಇಳಿದವನೇ, ಕಾಕಾ ಖುಷಿಪಡಲಿ ಅಂತ ನೀಲಿಯನ್ನು ಹೊಗಳಿದೆ. ಅವರ ಮುಖ ಬಾಡಿತು.

"ಕಪ್ಪು ಗಾಡ್ಯಾಗ ಬಂದೀದಿ. ಅದರ ಪರ ಮಾತಾಡಪಾ."

ಸರಿ, ಶುರು ಮಾಡಿದೆ. ನಿಮ್ಮ ನೀಲಿ ಮಿಕ್ಸಿ ಥರ ಕಿರುಚುತ್ತೆ, ಹಂಪ್ ಬಂದರೆ ಬೆನ್ನು ಮುರಿಯುತ್ತೆ ಅಂದೆ. ಕಾಕಾ ಕುರ್ಚಿಯಿಂದ ಎದ್ದರು. ಬಾನೆಟ್ ಎತ್ತಿದರು. ವಾಕಿಂಗ್ ಬಂದವರು ನಿಂತು ನೋಡುವಷ್ಟು ಜೋರಾಗಿ ವಾದಿಸಿದರು. ಆ ಭರದಲ್ಲಿ ನನ್ನ ಹೆಗಲಿಗೆ ಒಂದು ಹೊಡೆದು, "ನಿನಗೇನ ತಿಳೀತದಲೇ ದೋಸ್ತ," ಅಂದುಬಿಟ್ಟರು. ಅಂದವರು ತಟ್ಟನೆ ನಿಂತುಬಿಟ್ಟರು.

ಹುಟ್ಟಿದಾಗಿನಿಂದ ಅವರಿಗೆ 'ನೀವು' ಅಂದೇ ಗೊತ್ತಿರುವ ಬಾಯಿ ನನ್ನದು. "ಮೊದ್ಲು ನಿನ್ನ ಗಾಡಿ ಬ್ರೇಕ್ ನೋಡ್ಕೋ ಹೋಗಲೇ," ಅಂದೆ.

ಕಾಕಾ ತೋಳಿನಿಂದ ಕಣ್ಣೊರೆಸಿಕೊಂಡು, ಬ್ರೇಕಿನ ಪರ ವಾದಕ್ಕೆ ನಿಂತರು.