ದೊಡ್ಡಪ್ಪನವರ ಸೃಷ್ಟಿ ತರಗತಿ

ಈ ಬರಹದಲ್ಲಿ ತಪ್ಪುಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಾನು ಓದಿದ್ದು ಪ್ರಾಣಿಶಾಸ್ತ್ರ. ಕಪ್ಪೆಯ ಅಂಗಾಂಗಗಳನ್ನು ತಟ್ಟೆಯಲ್ಲಿ ಬಿಡಿಸಿಟ್ಟಷ್ಟು ಸುಲಭವಾಗಿ ನಮ್ಮ ದೊಡ್ಡಪ್ಪನವರನ್ನು ಬಿಡಿಸಿಡಲು ಬರುವುದಿಲ್ಲ. ಭೂಮಿಯ ವಯಸ್ಸನ್ನು ಖಚಿತವಾಗಿ ಬಲ್ಲ, ಆದರೆ ತಮ್ಮ ವಯಸ್ಸನ್ನೇ ಅರಿಯದ ವ್ಯಕ್ತಿ ಈ ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು! ಭೂಮಿಗೆ ಆರು ಸಾವಿರ ವರ್ಷ, ಅದರಲ್ಲಿ ಚೌಕಾಸಿಯಿಲ್ಲ. ಅವರದನ್ನು ಕೇಳಿದರೆ ಆಧಾರ್ ಕಾರ್ಡಿನಲ್ಲಿ ಒಂದು, ಪಿಂಚಣಿ ಕಾಗದದಲ್ಲಿ ಇನ್ನೊಂದು. ದೊಡ್ಡಮ್ಮನವರ ಅಭಿಪ್ರಾಯದಲ್ಲಿ ಅವರಿಗೆ ಇನ್ನೂ ಬುದ್ಧಿ ಬರುವ ವಯಸ್ಸೇ ಆಗಿಲ್ಲ.

ದೊಡ್ಡಪ್ಪನವರು ಔರಾದಿನ ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ಓದಿದ್ದು ಏಳನೆಯ ಇಯತ್ತೆ. ನಿವೃತ್ತರಾಗಿ ಬೀದರಿನ ನಮ್ಮ ಮನೆಗೆ ಬಂದ ಮೇಲೆ, ನಮ್ಮ ಕ್ರೈಸ್ತ ಸಭೆಯ ದೇವಾಲಯದ ಪಕ್ಕದ ಕೋಣೆಯಲ್ಲಿ, ಸಭೆಯ ಹದಿಹರೆಯದ ಮಕ್ಕಳಿಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಒಂದು ತರಗತಿ ಆರಂಭಿಸಿದರು. ಲೋಕವು ಆರು ದಿನಗಳಲ್ಲಿ ಸೃಷ್ಟಿಯಾಯಿತೆಂಬುದು ಬರಿಯ ನಂಬಿಕೆಯಲ್ಲ, ಶುದ್ಧ ವಿಜ್ಞಾನ ಎಂದು ರುಜುವಾತುಪಡಿಸುವುದು ಅದರ ಉದ್ದೇಶ. ಆ ಮಕ್ಕಳು ಅವರನ್ನು ‘ಸರ್’ ಎಂದು ಕರೆಯುತ್ತಿದ್ದರು. ಮೂವತ್ತು ವರ್ಷ ಕಂಡಕಂಡವರಿಗೆಲ್ಲ ‘ಸರ್’ ಎಂದು ಸವೆದ ನಾಲಿಗೆಯವರಿಗೆ, ಆ ಒಂದು ಶಬ್ದ ತಮ್ಮ ಕಡೆಗೆ ಬರುವುದೆಂದರೆ ಸಾಮಾನ್ಯವೇ? ಶುಕ್ರವಾರವೇ ಅಂಗಿಗೆ ಇಸ್ತ್ರಿ ಬೀಳುತ್ತಿತ್ತು.

ಜೀವಿಗಳು ಕಾಲಕ್ರಮದಲ್ಲಿ ಬದಲಾಗುತ್ತವೆಂಬ ಪಾಠಕ್ಕೆ ಅವರ ಬಳಿ ದವಾಖಾನೆಯ ಉತ್ತರವೊಂದು ಸಿದ್ಧವಿತ್ತು.

“ಮೂವತ್ತ ವರ್ಷ ಈ ಕೈಲೆ ಹೆರಿಗಿ ಮಾಡ್ಸೇನಿ. ಎಮ್ಮಿ ಎಮ್ಮೀನೇ ಹಡೀತದ. ಕುದುರಿ ಹಡದದ್ದು ಒಂದೂ ನೋಡಿಲ್ಲ.”

ಇದಕ್ಕೆ ಯಾರು ಎದುರಾಡಬೇಕು? ಆದರೂ ಚಿಂತಾಕಿಯಿಂದ ಬಂದು ಬೀದರಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು ವಿನಯದಿಂದಲೇ ಕೇಳಿದಳು.

“ಸರ್, ದೇವಣಿ ಆಕಳಿಗಿ ಜರ್ಸಿ ಇಂಜೆಕ್ಷನ್ ಕೊಟ್ಟು ಹುಟ್ಟಿಸಿದ ಕರ, ಆರು ದಿನದಾಗ ಯಾವ ದಿನ ಹುಟ್ಟೇದರಿ?”

ನಾಡತಳಿಯ ಆಕಳಲ್ಲಿ ಮಿಶ್ರತಳಿಯ ಕರು ಹುಟ್ಟಿಸುವ ಆ ಇಂಜೆಕ್ಷನ್ನಿನ ಡಬ್ಬಿ ಹೊತ್ತು ಔರಾದಿನ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿದವರು ಸ್ವತಃ ದೊಡ್ಡಪ್ಪನವರೇ! ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಏಳನೇ ದಿನ. ದೇವರು ಆರಾಮ ತಗೊಂಡಾಗ ಸರಕಾರ ಮಾಡ್ತು.”

ಬಗದಲ್‌ನಲ್ಲಿರುವ ನಮ್ಮ ಸಣ್ಣ ಹೊಲದಲ್ಲಿ ನಡೆದ ಪ್ರಾಯೋಗಿಕ ತರಗತಿಯನ್ನೂ ಹೇಳದೆ ಬಿಡಲಾಗದು. ಬೈಬಲ್ಲಿನ ಜಲಪ್ರಳಯದ ಕಾಲದ ನಾವೆಯ ಉದ್ದ ಮುನ್ನೂರು ಮೊಳ, ಅಗಲ ಐವತ್ತು ಮೊಳ. ಅಷ್ಟು ದೊಡ್ಡದರಲ್ಲಿ ಪ್ರಾಣಿಗಳೆಲ್ಲ ಹಿಡಿಸುತ್ತಿದ್ದವೆಂದು ಮಕ್ಕಳಿಗೆ ಕಣ್ಣಾರೆ ತೋರಿಸಬೇಕಿತ್ತು. ಹಗ್ಗ, ಗೂಟ, ಸುಣ್ಣದ ಪುಡಿ ಎಲ್ಲವೂ ಬಂದವು. ಆದರೆ ಮೊಳ ಯಾರದು? ದೊಡ್ಡಪ್ಪನವರದು ಗಿಡ್ಡ ಕೈ. ಅದರಲ್ಲಿ ಅಳೆದರೆ ಆನೆಗಳಿಗೆ ಅನ್ಯಾಯವಾದೀತೆಂದು, ಎಲ್ಲರಿಗಿಂತ ಎತ್ತರದ ವಿದ್ಯಾರ್ಥಿಯೊಬ್ಬನ ಮೊಳವನ್ನೇ ಪ್ರಮಾಣವೆಂದು ಅಂಗೀಕರಿಸಿದರು. ಇನ್ನೂರು ಮೊಳ ಸಾಗುವಷ್ಟರಲ್ಲಿ ನಾವೆಯು ಬದು ದಾಟಿ ಪಕ್ಕದ ಹೊಲವನ್ನು ಪ್ರವೇಶಿಸಿತು. ಆ ಹೊಲದ ರೈತರು ಬಂದು, ಕೈಕಟ್ಟಿ, ಸುಣ್ಣದ ಗೆರೆಯನ್ನು ತುದಿಯವರೆಗೂ ನೋಡಿದರು.

“ಹಡಗ ನಿಮ್ದ ಇರಬಹುದರಿ. ತೊಗರಿ ನಂದದ.”

ದೊಡ್ಡಪ್ಪನವರು ವಾದಕ್ಕಿಳಿಯಲಿಲ್ಲ. ಬದುವಿನ ಮೇಲಿದ್ದ ಬೇವಿನ ಮರದ ಹತ್ತಿರ ಹಗ್ಗವನ್ನು ತಿರುಗಿಸಿ, ಉಳಿದ ನೂರು ಮೊಳವನ್ನು ನಮ್ಮ ಹೊಲದ ಅಡ್ಡಕ್ಕೆ ಎಳೆಸಿದರು. ಹೀಗೆ ನಡುವಿನಲ್ಲಿ ಬಾಗಿದ ನಾವೆಯನ್ನು ಪ್ರಳಯದ ನೀರು ಕೂಡ ಕಂಡಿರಲಾರದು!

ನಾನು ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನೆಲ್ಲ ಮನೆಯಲ್ಲಿ ಕೇಳುತ್ತ ನಗುತ್ತಿದ್ದೆ, ಎದುರಾಡುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಹತ್ತಿಸಿದವರು ದೊಡ್ಡಪ್ಪನವರೇ. ಅಂಥವರ ಮುಂದೆ ಬಾಯಿ ತೆರೆಯುವುದು ಹೇಗೆ?

ತೆರೆಯಲೇಬೇಕಾದ ದಿನ ಬಂತು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಜೀವವಿಕಾಸವನ್ನು ವಿವರಿಸಿ ಎಂಬ ಪ್ರಶ್ನೆಗೆ ನಮ್ಮ ಸಭೆಯ ಹುಡುಗಿಯೊಬ್ಬಳು ಒಂದೇ ವಾಕ್ಯ ಬರೆದಿದ್ದಳು: ‘ನಮ್ಮ ಸರ್ ಮೂವತ್ತು ವರ್ಷ ನೋಡಿದ್ದಾರೆ, ಎಮ್ಮೆಯು ಎಮ್ಮೆಯನ್ನೇ ಹೆರುತ್ತದೆ.’ ಸೊನ್ನೆ ಬಂದಿತ್ತು. ಆಕೆಯ ತಾಯಿ ನರ್ಸ್. ಮಗಳನ್ನು ವಿಜ್ಞಾನ ಓದಿಸಬೇಕೆಂಬ ಆಸೆಯವರು. ಉತ್ತರಪತ್ರಿಕೆಯ ಸಮೇತ ಸಭೆಯ ಕಮಿಟಿಗೆ ಬಂದರು. ಕಮಿಟಿಯವರು ಆಲೋಚಿಸಿ, ಸಭೆಯಲ್ಲಿ ವಿಜ್ಞಾನ ಓದಿದವಳು ನಾನೇ ಆದ್ದರಿಂದ ನಾನು ಲಿಖಿತ ಅಭಿಪ್ರಾಯ ಕೊಡಬೇಕೆಂದೂ, ಅದರ ಪ್ರಕಾರವೇ ತರಗತಿಯನ್ನು ನಡೆಸುವುದೋ ನಿಲ್ಲಿಸುವುದೋ ತೀರ್ಮಾನವಾಗುವುದೆಂದೂ ತಿಳಿಸಿದರು. ಇಂಥ ನ್ಯಾಯಾಧೀಶಗಿರಿ ಯಾರಿಗೆ ಬೇಕಾಗಿತ್ತು?

ನಾಲ್ಕು ಸಲ ಬರೆದು ಹರಿದೆ. ಐದನೆಯದನ್ನು ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ದೊಡ್ಡಪ್ಪನವರಿಗೇ ಓದಿ ತೋರಿಸಿದೆ. ಅವರಿಗೆ ತಿಳಿಯದಂತೆ ಕೊಡಲು ಮನಸ್ಸು ಬರಲಿಲ್ಲ. ‘ಕೆಲವು ಅಂಶಗಳನ್ನು ಇನ್ನಷ್ಟು ಪರಾಮರ್ಶಿಸುವ ಸಾಧ್ಯತೆಯನ್ನು ಪರಿಶೀಲಿಸಬಹುದಾಗಿದೆ’ ಎಂದು ಬರೆದಿದ್ದೆ.

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

“ಬೇಟಾ, ಇದರಾಗ ನೀ ಏನ್ ಹೇಳೀದಿ, ನನಗ ತಿಳೀಲಿಲ್ಲ. ನಿನಗರೆ ತಿಳೀತೇನು?”

ಇಲ್ಲವೆಂದು ತಲೆಯಾಡಿಸಿದೆ. ಹಾಗಾದರೆ ಖರೆ ಅನ್ನಿಸಿದ್ದನ್ನು ಬರೆ ಎಂದು ಅಲ್ಲಿಯೇ ಕೂತರು. ಅವರ ಎದುರಿನಲ್ಲಿಯೇ ಬರೆದೆ, ಓದಿದೆ: ‘ತರಗತಿಯಲ್ಲಿ ಮಕ್ಕಳ ಮೇಲೆ ಪ್ರೀತಿ ಇದೆ. ಆದರೆ ಅಲ್ಲಿ ವಿಜ್ಞಾನವೆಂದು ಹೇಳಲಾಗುತ್ತಿರುವುದು ವಿಜ್ಞಾನವಲ್ಲ. ಇದರಿಂದ ಮಕ್ಕಳ ಓದಿಗೆ ನಷ್ಟವಾಗುತ್ತಿದೆ.’

“ಅಂದ್ರ ನಂದು ತಪ್ಪು ಅಂತಿ.”

“ವಿಜ್ಞಾನದಾಗ ತಪ್ಪರಿ, ದೊಡ್ಡಪ್ಪ.”

“ದೇವರ ಮಾತಿನಾಗ?”

“ಅದನ್ನ ಕಮಿಟಿ ನನಗ ಕೇಳಿಲ್ಲರಿ.”

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ಸಹಿ ಮಾಡಿದ್ದ ಜಾಗಕ್ಕೆ ಬೆರಳಿಟ್ಟರು.

“ಹೆಸರಿನ ಮುಂದ ಬಿ.ಎಸ್ಸಿ. ಬಿಟ್ಟೀದಿ. ಬರಿ.”

ಬರೆದೆ. ಅಕ್ಷರ ಸಣ್ಣದಾಯಿತೆಂದರು, ತಿದ್ದಿ ದೊಡ್ಡದು ಮಾಡಿದೆ.

ಮರುದಿನ ಆರಾಧನೆಯ ನಂತರ ಕಮಿಟಿಯ ಮುಂದೆ ಆ ಕಾಗದವನ್ನು ಒಯ್ದವರು ಅವರೇ. ಕಾರ್ಯದರ್ಶಿಯ ಕೈಗೂ ಕೊಡದೆ, ನಿಂತು, ಸಾವಕಾಶವಾಗಿ, ಒಂದಕ್ಷರ ಬಿಡದೆ ಓದಿದರು. ಕೊನೆಯಲ್ಲಿ ನನ್ನ ಹೆಸರನ್ನು ಪದವಿಯ ಸಮೇತ ಎರಡು ಸಲ ಓದಿದರು. ಆಮೇಲೆ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು.

“ನಾ ಇದನ್ನ ಒಪ್ಪಂಗಿಲ್ಲರಿ. ಆದ್ರ ನಮ್ಮ ಮನ್ಯಾಗ ಹಿಂಗ ಬರಿಯಾಕಿ ಇಕಿನೇ ಮೊದಲನೇದಾಕಿ. ನೀವು ಇದರ ಪ್ರಕಾರನೇ ಮಾಡ್ರಿ.”

ತರಗತಿ ನಿಂತಿತು. ಶನಿವಾರ ಮಧ್ಯಾಹ್ನಗಳಲ್ಲಿ ದೊಡ್ಡಪ್ಪನವರು ಈಗ ಮನೆಯಲ್ಲಿಯೇ ಇರುತ್ತಾರೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹಿರಿಯರ ಮಾತಿಗೆ ಯಾರೂ ಎದುರು ಹೇಳುತ್ತಿರಲಿಲ್ಲ. ಈಗ ಹೇಳುತ್ತೇವೆ, ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ.