ಒಂದು ಅಡಿ ಹುಲ್ಲನ್ನು ಮೂಲ ತಟ್ಟೆಯಲ್ಲೇ ಹಿಂದಿರುಗಿಸುವ ಬಗ್ಗೆ

ಇಂದ:
ಮಾಲಿ, ತೋಟ ವಿಭಾಗ (ವಿಭಾಗದಲ್ಲಿರುವುದು ಇವನೊಬ್ಬನೇ),
ನಡಿಗೆ ಕಲಿಸುವ ಆಸ್ಪತ್ರೆ, ಪಂಪ್‌ಹೌಸಿನ ಹಿಂಭಾಗ.

ಗೆ:
ಅಧ್ಯಕ್ಷರು, ಹಸಿರು ಆಯ್ಕೆ ಸಮಿತಿ,
ಅದೇ ಆಸ್ಪತ್ರೆ, ಮೊದಲ ಮಹಡಿ, ಎ.ಸಿ. ಸಭಾಕೊಠಡಿ.

ವಿಷಯ: ತಿರಸ್ಕೃತ ಹುಲ್ಲಿನ ಮಾದರಿ ಸಂಖ್ಯೆ ಎರಡನ್ನು (ಒಂದು ಅಡಿ ಉದ್ದ, ಒಂದು ಅಡಿ ಅಗಲ) ಹಿಂದಿರುಗಿಸುವ ಬಗ್ಗೆ, ಹಾಗೂ ಸದರಿ ಮಾದರಿಯು ಈಗ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ ಇರುವ ಬಗ್ಗೆ.

ಉಲ್ಲೇಖ:
1) ತಮ್ಮ ನೋಟಿಸು, ಕಳೆದ ಗುರುವಾರ ಬೆಳಗಿನದು.
2) ಸದರಿ ನೋಟಿಸಿನ ತಿದ್ದುಪಡಿ, ಅದೇ ಗುರುವಾರ ಮಧ್ಯಾಹ್ನದ್ದು.
3) ಅರ್ಜಿದಾರನ ಅಕ್ಕನ ಮಾತು, ಪ್ರತಿದಿನದ್ದು.

ಮಾನ್ಯರೇ,

“ಹುಲ್ಲು ಆರಿಸೋಕೆ ಐದು ಜನ ಯಾಕೋ ಬೇಕಿತ್ತು? ಒಂದು ಹಸು ಕರ್ಕೊಂಡು ಬಂದಿದ್ರೆ ಅರ್ಧ ಗಂಟೇಲಿ ಹೇಳಿ ಹೋಗ್ತಿತ್ತು.”

ಇದು ಉಲ್ಲೇಖ ಮೂರರಲ್ಲಿ ಕಾಣಿಸಿದ ಅಕ್ಕನ ಮಾತು. ಅರ್ಜಿದಾರನು ಇದನ್ನು ಒಪ್ಪುತ್ತಾನೆಂದಾಗಲಿ ಒಪ್ಪುವುದಿಲ್ಲವೆಂದಾಗಲಿ ತಾವು ಭಾವಿಸಬಾರದು. ಅರ್ಜಿಯಲ್ಲಿ ನಡೆದದ್ದನ್ನೆಲ್ಲ ಬರೆಯಬೇಕೆಂಬ ನಿಯಮವಿರುವ ಕಾರಣ ಬರೆದಿದ್ದಾನೆ. ‘ನಾನು’ ಎಂದು ಬರೆದ ಅರ್ಜಿ ವಾಪಸ್ಸು ಬರುತ್ತದೆ ಎಂದು ಸ್ವೀಕೃತಿ ಗುಮಾಸ್ತರು ಎಚ್ಚರಿಸಿದ್ದರಿಂದ ಈ ಮಾಲಿಯು ತನ್ನನ್ನು ತಾನೇ ಅರ್ಜಿದಾರ ಎಂದು ಕರೆದುಕೊಂಡಿದ್ದಾನೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಬಡ್ತಿ ಇದೊಂದೇ.

ವಿಷಯಕ್ಕೆ ಬರುವುದಾದರೆ:

1. ಆಸ್ಪತ್ರೆಯ ಪಡುವಣ ಅಂಗಳದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬಿಸಿಲು. ಒಂದು ಮರವಿಲ್ಲ, ಒಂದು ಗೋಡೆಯ ನೆರಳಿಲ್ಲ. ಲಕ್ವ ಹೊಡೆದವರು, ಸೊಂಟ ಮುರಿದವರು ಬೆಳಗಿನ ಹೊತ್ತು ಅಲ್ಲಿ ಬರಿಗಾಲಲ್ಲಿ ನಡೆಯಲು ಕಲಿಯುತ್ತಾರೆ. ಕಳೆದ ವರ್ಷ ನೀರಿನ ಪೈಪು ಹಾಕಲು ಅಂಗಳವನ್ನು ಉದ್ದಕ್ಕೂ ಅಗೆದು, ಹಳೆಯ ಹುಲ್ಲನ್ನು ಅದರ ಮಣ್ಣಿನ ಸಮೇತ ಲಾರಿಗೆ ತುಂಬಿ ಕಳಿಸಲಾಯಿತು. ಕಾರಣ ಹೊಸ ಹುಲ್ಲಿನ ಹಾಸು, ಅಂದರೆ ಬೇರುಮಣ್ಣಿನ ಸಮೇತ ಚಾಪೆಯ ಹಾಗೆ ಕತ್ತರಿಸಿ ಸುತ್ತಿ ತರುವ ಹುಲ್ಲು, ತರಿಸುವುದೆಂದು ತೀರ್ಮಾನವಾಯಿತು.

ಅರ್ಜಿದಾರನು ಆಗಲೇ ಒಂದು ಚೀಟಿ ಬರೆದು ಕೊಟ್ಟಿದ್ದನು. ಅದರಲ್ಲಿ ನಾಲ್ಕೇ ಮಾತಿದ್ದವು. ಪೂರಾ ಬಿಸಿಲು ತಾಳುವ, ನೆಲಕ್ಕೆ ಒತ್ತಿ ಹಬ್ಬುವ ಜಾತಿ ಬೇಕು. ತುಳಿದರೂ ಎದ್ದು ಬರಬೇಕು. ಅಂಚು ಕತ್ತರಿಸಿದಾಗ ಪೋಲಾಗುವುದಕ್ಕೆ ಅಳತೆಗಿಂತ ಸ್ವಲ್ಪ ಹೆಚ್ಚು ತರಿಸಬೇಕು. ನೆಲ ಕೆದಕಿ ನೀರು ಹಾಕಿ ಸಿದ್ಧ ಮಾಡಿದ ಮೇಲೆಯೇ ಲಾರಿ ಕರೆಸಿ, ಬಂದ ದಿನವೇ ಹಾಸಬೇಕು. ಚೀಟಿಯ ಹಿಂಬದಿಯಲ್ಲಿ ‘ಮಾಲಿಯ ಅಭಿಪ್ರಾಯವು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದು, ಸೀಲು ಹೊಡೆದು, ವಾಪಸ್ಸು ಕೊಡಲಾಯಿತು. ಸೀಲು ಬಹಳ ಸ್ಪಷ್ಟವಾಗಿತ್ತು.

2. ಸಮಿತಿಯಲ್ಲಿ ಐದು ಜನ: ಅಧ್ಯಕ್ಷರಾದ ತಾವು, ಎಂಜಿನಿಯರು, ಲೆಕ್ಕಾಧಿಕಾರಿ, ಉಗ್ರಾಣದ ಮೇಲ್ವಿಚಾರಕರು ಮತ್ತು ಎಕ್ಸ್‌ರೇ ವಿಭಾಗದ ಮುಖ್ಯಸ್ಥರು. ಹುಲ್ಲಿಗೂ ಎಕ್ಸ್‌ರೇಗೂ ಏನು ಸಂಬಂಧವೆಂದು ಅರ್ಜಿದಾರನು ಕೇಳಲಿಲ್ಲ. ಬೇರು ಕಾಣಬಹುದೆಂಬ ಭರವಸೆ ಇದ್ದಿರಬೇಕು.

ಮೂರು ತಟ್ಟೆಗಳಲ್ಲಿ ಮೂರು ಮಾದರಿ ಬಂದವು. ಅವನ್ನು ಅಂಗಳದಲ್ಲಿ ಇಡಬೇಕೆಂದು ಅರ್ಜಿದಾರನು ಹೊತ್ತುಕೊಂಡು ಹೊರಟಾಗ, ಅಲ್ಲಿ ಬಿಸಿಲಿದೆ, ಸಮಿತಿಗೆ ಹೋಗಿ ನೋಡಲು ತೊಂದರೆಯಾಗುತ್ತದೆ ಎಂದು ತಾವು ತಡೆದಿರಿ. ಆದ್ದರಿಂದ ಮೂರೂ ತಟ್ಟೆಗಳನ್ನು ಸಭಾಕೊಠಡಿಯ ಮೇಜಿನ ಮೇಲೆ, ಎ.ಸಿ. ಗಾಳಿಗೆ ಎದುರಾಗಿ, ಪರದೆ ಎಳೆದ ಕಿಟಕಿಯ ಪಕ್ಕ ಹದಿನೈದು ದಿನ ಇಟ್ಟು ಪರೀಕ್ಷಿಸಲಾಯಿತು. ಅರ್ಜಿದಾರನು ದಿನಾ ಚಪ್ಪಲಿ ಕಳಚಿ ಒಳಗೆ ಹೋಗಿ, ಚಳಿಗೆ ಮುದುರಿಕೊಂಡು ನೀರು ಚಿಮುಕಿಸಿ ಬರುತ್ತಿದ್ದನು.

ಮಾದರಿ ಒಂದು ತಂಪು ಸೀಮೆಯದು. ಅದಕ್ಕೆ ತವರಿಗೆ ಬಂದಂತಾಯಿತು. ಸೊಂಪಾಗಿ, ಮೃದುವಾಗಿ, ಕಡುಹಸಿರಾಗಿ ಬೆಳೆಯಿತು. ಮಾದರಿ ಎರಡು ಬಿಸಿಲಿನ ಹುಲ್ಲು. ಬಿಸಿಲಿಲ್ಲದೆ ಹಳದಿ ತಿರುಗಿ, ಮಲಗಿಬಿಟ್ಟಿತು. ಮಾದರಿ ಮೂರರ ಮೇಲೆ ಯಾರೋ ಟೀ ಚೆಲ್ಲಿದ್ದರಿಂದ ಅದನ್ನು ಪರಿಗಣಿಸಲಿಲ್ಲ. ಹದಿನಾರನೆಯ ದಿನ ಐವರೂ ಸರದಿಯ ಮೇಲೆ ಕೈಯಿಂದ ಸವರಿ, ಒಮ್ಮತದಿಂದ ಮಾದರಿ ಒಂದನ್ನು ಆರಿಸಿದಿರಿ. ಆಸ್ಪತ್ರೆಯಲ್ಲಿ ರೋಗಿಗಳು ನಡೆಯುವುದು ಕೈಮೇಲಲ್ಲ ಎಂಬುದನ್ನು ನಡಾವಳಿಯಲ್ಲಿ ದಾಖಲಿಸಲಾಗಿಲ್ಲ.

3. ಮಾದರಿ ಎರಡನ್ನು ಕಸಕ್ಕೆ ಹಾಕಲು ಅರ್ಜಿದಾರನಿಗೇ ಹೇಳಲಾಯಿತು. ಅವನು ಕಸದ ತೊಟ್ಟಿಯವರೆಗೆ ಹೋಗಿದ್ದು ನಿಜ. ತೊಟ್ಟಿಯ ಪಕ್ಕದಲ್ಲೇ ಪಂಪ್‌ಹೌಸು ಇರುವುದೂ ನಿಜ. ಆ ಒಂದಡಿ ಹುಲ್ಲನ್ನು ಅಂಗೈಯಗಲದ ತುಂಡು ಮಾಡಿ, ಪಂಪ್‌ಹೌಸಿನ ಹಿಂದಿನ ಖಾಲಿ ನೆಲದಲ್ಲಿ ಗೇಣಿಗೊಂದರಂತೆ ನೆಟ್ಟನು. ಪಂಪು ಸೋರುತ್ತಿದ್ದ ನೀರೇ ಸಾಕಾಯಿತು. ಪಂಪು ಸೋರುತ್ತಿದೆ ಎಂದು ಅವನು ಮೂರು ಅರ್ಜಿ ಕೊಟ್ಟಿದ್ದಾನೆ. ಅವಕ್ಕೆ ಉತ್ತರ ಕೊಡದಿದ್ದುದಕ್ಕೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಾನೆ.

4. ಆಯ್ಕೆಯಾದ ಹುಲ್ಲು ಒಂದು ಶುಕ್ರವಾರ ಮಧ್ಯಾಹ್ನ ಬಂತು, ಇನ್ನೂರ ನಲವತ್ತು ಸುರುಳಿ. ನೆಲ ಸಿದ್ಧವಿತ್ತು, ಅರ್ಜಿದಾರನು ಮೊಣಕಾಲಿಗೆ ಗೋಣಿ ಕಟ್ಟಿಕೊಂಡು ಸಿದ್ಧನಿದ್ದನು. ಆದರೆ ಹೊರಗಿನಿಂದ ಬಂದ ಯಾವ ವಸ್ತುವೂ ತಪಾಸಣೆಯಾಗದೆ ಉಗ್ರಾಣ ಬಿಟ್ಟು ಹೊರಬರುವಂತಿಲ್ಲ, ತಪಾಸಣೆ ಸೋಮವಾರ ಮಾತ್ರ. ಸುರುಳಿ ಸುತ್ತಿದ ಹಸಿ ಹುಲ್ಲು ಒಳಗೊಳಗೇ ಬೇಯುತ್ತದೆ ಎಂದು ಅರ್ಜಿದಾರನು ಉಗ್ರಾಣದವರ ಕೈ ಹಿಡಿದು ಒಂದು ಸುರುಳಿಯೊಳಕ್ಕೆ ತೂರಿಸಿ ತೋರಿಸಿದನು.

“ಬೆಚ್ಚಗಿದೆ ಕಣಯ್ಯ,” ಎಂದರು ಅವರು.

“ಅದೇ ಸಾರ್ ಹೇಳ್ತಿರೋದು. ಬೇಯ್ತಾ ಇದೆ.”

“ಕುರ್ಚಿ ಬಂದಾಗ ಮೂರು ದಿನ ಇಟ್ಟಿದ್ದೆ. ಮಂಚ ಬಂದಾಗ ಇಟ್ಟಿದ್ದೆ. ಒಂದಾದ್ರೂ ಬೆಂದಿತ್ತಾ?”

ಅರ್ಜಿದಾರನು ಮೊಣಕಾಲಿನ ಗೋಣಿ ಬಿಚ್ಚಿ, ಸೋಮವಾರಕ್ಕೆಂದು ಮಡಿಸಿಟ್ಟನು.

5. ಸೋಮವಾರ ಸಂಜೆ ಸುರುಳಿ ಬಿಚ್ಚಿದಾಗ ಉಗ್ರಾಣವೆಲ್ಲ ಹುಳಿ ವಾಸನೆ. ಆದರೂ ಅರ್ಜಿದಾರನು ಇಟ್ಟಿಗೆ ಜೋಡಿಸುವಂತೆ ಸಂದು ತಪ್ಪಿಸಿ, ಒಂದನ್ನೂ ಬಿಡದೆ ಹಾಸಿ, ಉರುಳೆ ಎಳೆದು, ಹೊತ್ತು ಹೊತ್ತಿಗೆ ನೀರು ಕೊಟ್ಟನು. ಬೆಂದು ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಹತ್ತೊಂಬತ್ತನೆಯ ದಿನ ಅಂಗಳವು ತೆಂಗಿನ ನಾರಿನ ಕಾಲೊರಸಿನಂತಾಯಿತು. ಕಾರಣ ಕೇಳಿ ಬಂದ ಪತ್ರದಲ್ಲಿ ಕಾರಣವನ್ನೂ ತಾವೇ ಬರೆದಿದ್ದಿರಿ: ‘ಮಾಲಿಯ ನಿರ್ಲಕ್ಷ್ಯ.’ ಪ್ರಶ್ನೆ ಉತ್ತರ ಎರಡೂ ಒಂದೇ ಹಾಳೆಯಲ್ಲಿ ಬಂದದ್ದರಿಂದ ಅರ್ಜಿದಾರನಿಗೆ ಬಹಳ ಶ್ರಮ ಉಳಿಯಿತು.

6. ಇಲ್ಲಿ ಅಕ್ಕನ ವಿಚಾರ ಹೇಳಬೇಕಾಗಿದೆ. ಅರ್ಜಿದಾರನ ಅಕ್ಕ ದರ್ಜಿ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ತಮ್ಮ ಸಭಾಕೊಠಡಿಯ ಪರದೆಯೂ ಅವರ ಕೈಯದೇ. ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಾಲು ಸತ್ತಂತಾಯಿತು. ನಾಲಿಗೆಗೆ ಏನೂ ಆಗಲಿಲ್ಲ. ವೈದ್ಯರು ಅದನ್ನು ಅದೃಷ್ಟ ಎಂದರು. ವಾರ್ಡಿನ ಉಳಿದವರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಅಂಗಳ ಒಣಗಿದ ಮೇಲೆ ರೋಗಿಗಳನ್ನು ಕಾರಿಡಾರಿನ ನುಣುಪು ಟೈಲ್ಸಿನ ಮೇಲೆ ನಡೆಸತೊಡಗಿದರು. ನಡಿಗೆ ಕಲಿಸುವ ಮೇಡಂ, ಕಾಲ್ಬೆರಳಿನಿಂದ ನೆಲವನ್ನು ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ ಎಂದು ಹೇಳುತ್ತಾರೆ. ಅಕ್ಕ ಮತ್ತೆ ಹೊಲಿಗೆ ಯಂತ್ರದ ಪೆಡಲ್ ತುಳಿಯಬೇಕಾದರೆ ಮೊದಲು ಆ ಬೆರಳುಗಳು ಏಳಬೇಕು.

“ಏನನ್ನ ಹಿಡೀಲಿ ಮೇಡಂ, ಕನ್ನಡೀನಾ?” ಎಂದು ಅಕ್ಕ ಕೇಳಿದರು. ಆಮೇಲೆ ತಮ್ಮನ ಕಡೆ ತಿರುಗಿ, “ನೀನು ಇಪ್ಪತ್ತೆರಡು ವರ್ಷ ಇಲ್ಲಿ ಏನು ಕಿತ್ತೆ? ನಿಮ್ಮಕ್ಕನ ಕಾಲಿಗೆ ಒಂದು ಹಿಡಿ ಹುಲ್ಲು ಕೊಡೋ ಯೋಗ್ಯತೆ ಇಲ್ವಾ?” ಎಂದರು.

ಯೋಗ್ಯತೆ ಇದೆಯೆಂದು ತೋರಿಸಲು ಅರ್ಜಿದಾರನು ಅವರನ್ನು ಗಾಲಿಕುರ್ಚಿಯಲ್ಲಿ ಪಂಪ್‌ಹೌಸಿನ ಹಿಂದಕ್ಕೆ ತಳ್ಳಿಕೊಂಡು ಹೋದನು. ಆಗ ಆ ಹುಲ್ಲು ಎರಡು ಚಾಪೆಯಷ್ಟಿತ್ತು. ಮೊದಲ ವಾರ ಅಕ್ಕ ಸುಮ್ಮನೆ ಕಾಲಿಟ್ಟು ಕುಳಿತು ಅವನನ್ನು ಬೈದರು. ಎರಡನೆಯ ತಿಂಗಳು ಹೆಬ್ಬೆರಳು ಆಡಿತು. ಅದರ ಪಕ್ಕದ ಎರಡು ಬೆರಳು ಆಮೇಲೆ. ಕೊನೆಯ ಎರಡು ಇನ್ನೂ ಮೊಂಡು ಹಿಡಿದಿವೆ. ಮೇಡಂ ಅವರು ಈಗ ಉಳಿದ ರೋಗಿಗಳನ್ನೂ ಅಲ್ಲಿಗೇ ಕರೆತರುತ್ತಾರೆ. ತಮ್ಮ ಕಡತದ ಪ್ರಕಾರ ಅಲ್ಲಿ ಇರುವುದು ಕಸ.

7. ಕಳೆದ ತಿಂಗಳು ಉಗ್ರಾಣದ ವಾರ್ಷಿಕ ಎಣಿಕೆಯಲ್ಲಿ ಮಾದರಿ ತಟ್ಟೆ ಮೂರರ ಬದಲು ಎರಡೇ ಸಿಕ್ಕವು. ಮೂರನೆಯದು ಅರ್ಜಿದಾರನ ಬಕೆಟಿನ ಕೆಳಗೆ ಸಿಕ್ಕಿತು. ತಟ್ಟೆಯಿಂದ ಹುಲ್ಲಿನ ಜಾಡು ಹಿಡಿಯಲಾಯಿತು. ಇನ್ನೂರ ನಲವತ್ತು ಸುರುಳಿ ಸತ್ತಾಗ ಸೇರದ ತುರ್ತುಸಭೆ ಒಂದು ತಟ್ಟೆಗಾಗಿ ಸೇರಿ, ಉಲ್ಲೇಖ ಒಂದರ ನೋಟಿಸು ಹೊರಟಿತು: ಏಳು ದಿನದೊಳಗೆ ಮಾದರಿಯನ್ನು ಮೂಲ ಅಳತೆಯಲ್ಲಿ, ಮೂಲ ತಟ್ಟೆಯಲ್ಲಿ ಹಿಂದಿರುಗಿಸತಕ್ಕದ್ದು. ಮಧ್ಯಾಹ್ನದ ತಿದ್ದುಪಡಿ: ಪಂಪ್‌ಹೌಸಿನ ಹಿಂದಿನ ಹುಲ್ಲು ನಕ್ಷೆಯಲ್ಲಿ ಇಲ್ಲವಾದ್ದರಿಂದ ಬರುವ ಸೋಮವಾರ ಅದನ್ನು ಅಗೆದು ಹಾಕಿ, ಅಲ್ಲಿಯೂ ಅಂಗಳದಲ್ಲಿಯೂ ಪ್ಲಾಸ್ಟಿಕ್ ಹುಲ್ಲು ಹಾಸತಕ್ಕದ್ದು.

ಪ್ಲಾಸ್ಟಿಕ್ ಹುಲ್ಲಿನ ಮಾದರಿಯನ್ನೂ ಸಭಾಕೊಠಡಿಯಲ್ಲೇ ಪರೀಕ್ಷಿಸಲಾಗಿದೆಯಂತೆ. ಹದಿನೈದು ದಿನ ಒಂದೇ ಹಸಿರು. ಅರ್ಜಿದಾರನು ಅದರದೊಂದು ತುಂಡನ್ನು (ಎಂಜಿನಿಯರ ಸಹಿ ಪಡೆದು) ಬೆಳಿಗ್ಗೆ ಒಂಬತ್ತಕ್ಕೇ ಅಂಗಳದಲ್ಲಿಟ್ಟು, ಹತ್ತಕ್ಕೆ, ಅಂದರೆ ಮೇಡಂ ಪಾಠದ ಹೊತ್ತಿಗೆ, ಕಾಲಿಟ್ಟನು. ಅಂಗಾಲು ಸುಟ್ಟು ತೆಗೆದನು. ಅವನ ಕಾಲಿಗೆ ಸುಡುವುದು ತಿಳಿಯುತ್ತದೆ, ತೆಗೆಯುವುದೂ ಬರುತ್ತದೆ. ಅಕ್ಕನ ಕಾಲಿಗೆ ಇನ್ನೂ ಬಿಸಿ ತಿಳಿಯುವುದಿಲ್ಲ. ಅವರು ನಿಂತೇ ಇರುತ್ತಾರೆ. ಈ ಒಂದು ಅಂಶದಲ್ಲಿ ಅರ್ಜಿದಾರನಿಗೆ ತಮಾಷೆ ಸಾಧ್ಯವಾಗಿಲ್ಲ, ಮನ್ನಿಸಬೇಕು.

8. ಇನ್ನು ಹಿಂದಿರುಗಿಸುವ ವಿಷಯ. ನೂರೆಂಟು ಚದರ ಅಡಿಯಲ್ಲಿ ಸರ್ಕಾರದ ಒಂದಡಿ ಯಾವುದು, ಮಿಕ್ಕ ನೂರೇಳು ಅಡಿ ಯಾರದು ಎಂಬುದನ್ನು ತಾವೇ ತಿಳಿಸಬೇಕಿತ್ತು. ತಿಳಿಸದ ಕಾರಣ ಅರ್ಜಿದಾರನು ನಡುಮಧ್ಯದಿಂದ ಒಂದಡಿ ಕತ್ತರಿಸಿ ತಂದಿದ್ದಾನೆ. ಆ ಗುಂಡಿ ಮೂರು ವಾರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಸೋಮವಾರ ಯಾರೂ ಗುದ್ದಲಿ ತರದಿದ್ದರೆ.

ಆದ್ದರಿಂದ ಪ್ರಾರ್ಥನೆ ಏನೆಂದರೆ:

ಅ) ಪಂಪ್‌ಹೌಸಿನ ಹಿಂದಿನ ಹುಲ್ಲನ್ನು ಅಗೆಯಬಾರದು. ನಕ್ಷೆಯಲ್ಲಿ ಇಲ್ಲವೆಂಬುದು ತೊಡಕಾದರೆ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೀಚಬಹುದು; ಪೆನ್ಸಿಲನ್ನು ಅಕ್ಕ ಕೊಡುತ್ತಾರೆ, ಬಟ್ಟೆಗೆ ಗುರುತು ಹಾಕುವಂಥದ್ದು.

ಆ) ಅಂಗಳಕ್ಕೆ ಇದೇ ಜಾತಿಯ ಹಾಸು ತರಿಸಬೇಕು, ಬಂದ ದಿನ ಅದನ್ನು ಕುರ್ಚಿ ಎಂದು ಭಾವಿಸಬಾರದು.

ಇ) ಇವೆರಡೂ ಸಾಧ್ಯವಿಲ್ಲವಾದರೆ, ಸಮಿತಿಯ ಮುಂದಿನ ಸಭೆಯನ್ನು ಅಂಗಳದಲ್ಲಿ, ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಬರಿಗಾಲಲ್ಲಿ ನಿಂತು, ಮಧ್ಯಾಹ್ನ ಎರಡಕ್ಕೆ ನಡೆಸಬೇಕು. ಹಿಂದಿನ ಸಭೆಯ ನಡಾವಳಿ ಓದಿ ಮುಗಿಸುವಷ್ಟು ಹೊತ್ತು ಸಾಕು. ನೀರು ಚಿಮುಕಿಸಲು ಅರ್ಜಿದಾರನು ಹಾಜರಿರುತ್ತಾನೆ.

ತಮ್ಮ ಮೇಲೂ, ಅದಕ್ಕಿಂತ ತುಸು ಹೆಚ್ಚಾಗಿ ಹುಲ್ಲಿನ ಮೇಲೂ ವಿಶ್ವಾಸವುಳ್ಳ,
(ಸಹಿ) ಮಾಲಿ

ಲಗತ್ತುಗಳು:
1. ಸೀಲು ಸ್ಪಷ್ಟವಾಗಿರುವ ಚೀಟಿ.
2. ಪ್ಲಾಸ್ಟಿಕ್ ಹುಲ್ಲಿನ ತುಂಡು, ಎಂಜಿನಿಯರ ಸಹಿ ಸಮೇತ.
3. ಮಾದರಿ ಸಂಖ್ಯೆ ಎರಡು, ಮೂಲ ತಟ್ಟೆಯಲ್ಲಿ. ಜೀವಂತ.

ಸ್ವೀಕೃತಿ ಕಿಟಕಿಯ ಬಳಿ ನಿಂತು ಸೇರಿಸಿದ ಟಿಪ್ಪಣಿ:

ಅರ್ಜಿ ಕೊಡಲು ಅಕ್ಕನೂ ಕೋಲೂರಿ ಬಂದರು. ಕಾಗದ ತೆಗೆದುಕೊಳ್ಳುತ್ತೇನೆ, ಹುಲ್ಲಿಗೆ ವಹಿಯಲ್ಲಿ ಕಾಲಂ ಇಲ್ಲ ಎಂದು ಸ್ವೀಕೃತಿ ಗುಮಾಸ್ತರು ಪೇಚಾಡಿದರು. ಕಾಲಂ ಹುಡುಕುತ್ತ ಹೋದಂತೆ ಹೊತ್ತಾಯಿತು.

“ಅದನ್ನ ಕೆಳಗಿಡೋ. ಟೈಲ್ಸ್ ಮೇಲೆ ನಿಂತು ನಿಂತು ಕಾಲು ಜಾರ್ತಿದೆ,” ಎಂದರು ಅಕ್ಕ.

“ಅಮ್ಮಾ, ಅದು ಲಗತ್ತು,” ಎಂದರು ಗುಮಾಸ್ತರು.

“ಲಗತ್ತಿನ ಮೇಲೆ ಕಾಲಿಡಬಾರದು ಅಂತ ಬರೆದಿದೆಯಾ?”

ಗುಮಾಸ್ತರು ವಹಿಯ ಮೊದಲ ಪುಟದ ಸೂಚನೆಗಳನ್ನು ಬೆರಳಿಟ್ಟು ಓದಿದರು. “ಬರೆದಿಲ್ಲ,” ಎಂದರು.

ಅಕ್ಕ ಬಲಗಾಲನ್ನು ತಟ್ಟೆಯ ಮೇಲಿಟ್ಟರು. ಮೊದಲು ಹೆಬ್ಬೆರಳು ಮಡಿಯಿತು, ಆಮೇಲೆ ಪಕ್ಕದ ಎರಡು. ಸ್ವಲ್ಪ ಹೊತ್ತು ಬಿಟ್ಟು ಉಳಿದೆರಡು. ನುಣುಪು ನೆಲದ ಮೇಲೆ ತಟ್ಟೆ ಕಿರ್ರೆಂದು ಒಂದು ಅಂಗುಲ ಅವರ ಕಡೆಗೆ ಸರಿಯಿತು.